ಬಿಡುವು, ಬಂಡಿ, ಬಯಲು: ಕಡಲಿಲ್ಲದ ಊರಿನ ವಿಹಾರ

ಮನೆಮಂದಿಯೆಲ್ಲ ಒಂದು ದಿನದ ಮಟ್ಟಿಗೆ ದುಡಿಮೆಯನ್ನು ಬದಿಗಿರಿಸಿ, ಬುತ್ತಿ ಕಟ್ಟಿಕೊಂಡು, ಊರ ಹೊರಗೆ ಹೋಗಿ ಸಂಜೆಗೆ ಹಿಂದಿರುಗುವುದು ನೋಡುವುದಕ್ಕೆ ಬಹು ಸಣ್ಣ ಸಂಗತಿ. ಇದನ್ನು ಕುರಿತು ಒಂದು ಉಪನ್ಯಾಸವೇಕೆ ಎಂದು ಕೆಲವರಿಗೆ ತೋರಬಹುದು. ಆದರೆ ಒಂದು ಊರಿನ ಸಾಮಾನ್ಯ ಜನರು ಹೇಗೆ ಬಾಳುತ್ತಾರೆಂಬುದನ್ನು ತಿಳಿಯಬೇಕಾದರೆ, ಅವರು ದುಡಿಯುವ ಬಗೆಯನ್ನು ನೋಡಿದಂತೆಯೇ ಅವರು ವಿಶ್ರಮಿಸುವ ಬಗೆಯನ್ನೂ ನೋಡಬೇಕು. ವಿಹಾರದ ದಿನವೆಂಬುದು ತಾನಾಗಿ ಒದಗುವುದಲ್ಲ. ಅದಕ್ಕೆ ಮೂರು ಸಾಧನಗಳು ಬೇಕು. ಕೂಲಿ ಕಡಿತವಾಗದ ಬಿಡುವು ಒಂದು. ಬಡವನ ಕೈಗೆಟಕುವ ಬಂಡಿ ಎರಡು. ಹೋಗಿ ಕುಳಿತುಕೊಳ್ಳಲು ಯಾರೂ ಅಡ್ಡಿಮಾಡದ ಬಯಲೋ ನೀರೋ ಮೂರು. ಈ ಮೂರರಲ್ಲಿ ಒಂದು ಕೊರತೆಯಾದರೂ ವಿಹಾರವು ಸಿರಿವಂತರ ಸೊತ್ತಾಗಿಯೇ ಉಳಿಯುತ್ತದೆ. ಬೆಂಗಳೂರಿನ ದಂಡಿನ ಪ್ರದೇಶದಲ್ಲಿಯೂ ಅದರ ಮೂಡಣ ದಿಕ್ಕಿನ ಹಲಸೂರು, ಶಿವಾಜಿನಗರ, ಇಂದಿರಾನಗರ, ಕೃಷ್ಣರಾಜಪುರಗಳಲ್ಲಿಯೂ ಈ ಮೂರು ಹೇಗೆ ಒದಗಿದುವು, ಈಗ ಅವುಗಳ ಸ್ಥಿತಿಯೇನು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ನಮ್ಮಲ್ಲಿ ವಿಹಾರವೇ ಇರಲಿಲ್ಲವೆಂದು ಭಾವಿಸಬಾರದು. ಜಾತ್ರೆ, ಪರಿಷೆ, ತೇರು, ಕಾರ್ತಿಕ ಮಾಸದ ವನಭೋಜನ ಇವೆಲ್ಲ ನಮ್ಮ ಹಿರಿಯರ ವಿಹಾರಗಳೇ. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದವರು ದೇವರನ್ನೂ ನೋಡಿದರು, ನಂಟರನ್ನೂ ಕಂಡರು, ಕಡಲೆಕಾಯಿಯನ್ನೂ ತಿಂದರು. ಹಲಸೂರಿನ ಸೋಮೇಶ್ವರಸ್ವಾಮಿಯ ಪಲ್ಲಕ್ಕಿ ಉತ್ಸವದ ರಾತ್ರಿಯಲ್ಲಿ, ಸುತ್ತಣ ಬೀದಿಗಳ ದೇವರುಗಳೆಲ್ಲ ಹೂವಿನ ಪಲ್ಲಕ್ಕಿಗಳಲ್ಲಿ ಹೊರಟು ಬರುವಾಗ, ಮಕ್ಕಳು ಹೆಗಲ ಮೇಲೆ ಕುಳಿತು ಬೆಳಗಾಗುವ ತನಕ ನೋಡುವುದುಂಟು. ಶಿವಾಜಿನಗರದ ಸಂತ ಮೇರಿಯಮ್ಮನ ಗುಡಿಯಲ್ಲಿ ಆಗಸ್ಟ್ 29ರಂದು ಧ್ವಜವೇರಿ, ಒಂಬತ್ತು ದಿನಗಳ ಪ್ರಾರ್ಥನೆಯಾದ ಮೇಲೆ, ಸೆಪ್ಟೆಂಬರ್ 8ರಂದು ತೇರು ಹೊರಡುತ್ತದೆ. ಕಾವಿಯ ಬಣ್ಣದ ಬಟ್ಟೆಯುಟ್ಟು ಹರಕೆ ತೀರಿಸಲು ಬರುವವರಲ್ಲಿ ಕ್ರೈಸ್ತರಷ್ಟೇ ಅಲ್ಲದೆ ಅನ್ಯಮತದವರೂ ಅನೇಕರು. ಅದೇ ದಿನಗಳಲ್ಲಿ ದಂಡಿನ ಎಷ್ಟೋ ಸಂಸಾರಗಳು ವೇಳಾಂಕಣ್ಣಿಗೆ ಹೊರಡುತ್ತವೆ. ಅಲ್ಲಿ ಮಾತೆಯ ದರ್ಶನವೂ ಆಗುತ್ತದೆ, ಬಂಗಾಳ ಕೊಲ್ಲಿಯ ಅಲೆಗಳಲ್ಲಿ ಮಕ್ಕಳ ಕಾಲೂ ನೆನೆಯುತ್ತದೆ. ಹೀಗೆ ನಮ್ಮ ಹಳೆಯ ವಿಹಾರಕ್ಕೆ ದೇವರು ನೆಪ. ದೇವರಿಗೆ ವಿಹಾರ ನೆಪ. ಎರಡನ್ನೂ ಬೇರ್ಪಡಿಸುವುದು ಸುಲಭವಲ್ಲ, ಬೇರ್ಪಡಿಸಬೇಕಾದ ಅಗತ್ಯವೂ ಇಲ್ಲ.

ದೇವರ ನೆಪವಿಲ್ಲದೆ, ಬರಿಯ ಗಾಳಿಗಾಗಿ, ಬರಿಯ ಆಟಕ್ಕಾಗಿ, ವಾರದ ಅಥವಾ ವರ್ಷದ ಗೊತ್ತಾದ ದಿನದಲ್ಲಿ ಸಂಸಾರಸಮೇತ ಹೊರಡುವ ಪದ್ಧತಿಯು ಮಾತ್ರ ಹೊಸದು. ಇದು ಇಂಗ್ಲೆಂಡಿನಲ್ಲಿ ಬೆಳೆದ ಬಗೆಯನ್ನು ಸ್ವಲ್ಪ ತಿಳಿದುಕೊಂಡರೆ ನಮ್ಮ ಊರಿನ ಕಥೆಯೂ ತಿಳಿಯಾಗುತ್ತದೆ. ಆ ದೇಶದ ತೆಂಕಣ ಕರೆಯಲ್ಲಿ ಬ್ರೈಟನ್ ಎಂಬುದು ಮೊದಲು ಬೆಸ್ತರ ಊರಾಗಿತ್ತು. 1750ರಲ್ಲಿ ರಿಚರ್ಡ್ ರಸೆಲ್ ಎಂಬ ವೈದ್ಯನು ಕಡಲ ನೀರು ಗಂಟಲಗಡ್ಡೆ ಮುಂತಾದ ಗ್ರಂಥಿರೋಗಗಳಿಗೆ ಮದ್ದೆಂದು ಲ್ಯಾಟಿನ್ ಭಾಷೆಯಲ್ಲಿ ಒಂದು ಪ್ರಬಂಧವನ್ನು ಬರೆದನು. ರೋಗಿಗಳು ಉಪ್ಪುನೀರಿನಲ್ಲಿ ಮುಳುಗುವುದಕ್ಕೂ, ಅದನ್ನು ಕುಡಿಯುವುದಕ್ಕೂ ಅಲ್ಲಿಗೆ ಬರತೊಡಗಿದರು. ಚಕ್ರಗಳ ಮೇಲಿನ ಮರದ ಗೂಡುಗಳನ್ನು ಕುದುರೆಗಳು ನೀರಿಗೆ ಎಳೆದೊಯ್ಯುತ್ತಿದ್ದುವು. ಒಳಗಿದ್ದವರು ಅಲ್ಲಿಯೇ ಬಟ್ಟೆ ಬದಲಿಸಿ ನೀರಿಗಿಳಿಯುತ್ತಿದ್ದರು. 1783ರಲ್ಲಿ ಯುವರಾಜ ಜಾರ್ಜನು ಮೊದಲಬಾರಿ ಬಂದ ಮೇಲೆ ಅದು ಶ್ರೀಮಂತರ ಪಟ್ಟಣವಾಯಿತು. ಆದರೆ ಲಂಡನ್ನಿನ ಕೂಲಿಗಾರನು ಅಲ್ಲಿಗೆ ಹೋಗಲು 1841ರ ತನಕ ಕಾಯಬೇಕಾಯಿತು. ಆ ವರ್ಷ ರೈಲುದಾರಿ ತೆರೆಯಿತು. 1801ರಲ್ಲಿ ಸುಮಾರು 7,000 ಜನರಿದ್ದ ಊರಿನಲ್ಲಿ 1851ರ ವೇಳೆಗೆ ಸುಮಾರು 65,000 ಜನರಾದರು.

ಬಂಡಿ ಬಂದರೂ ಬಿಡುವು ಬರಲಿಲ್ಲ. 1871ರಲ್ಲಿ ಸರ್ ಜಾನ್ ಲಬಕ್ ಎಂಬವರ ಪ್ರಯತ್ನದಿಂದ ಬ್ಯಾಂಕ್ ರಜೆಗಳ ಕಾಯಿದೆಯು ಆಯಿತು. ವರ್ಷದಲ್ಲಿ ಕೆಲವು ದಿನಗಳು ಎಲ್ಲರಿಗೂ ರಜೆಯೆಂದು ಗೊತ್ತಾಯಿತು. ಆ ದಿನದ ಕೂಲಿ ಸಿಕ್ಕಬೇಕೆಂಬುದು ಮಾತ್ರ ಬಹುಕಾಲ ಇತ್ಯರ್ಥವಾಗದೆ ಉಳಿದು, 1938ರಲ್ಲಿ ಸಂಬಳಸಹಿತವಾದ ರಜೆಯ ಕಾಯಿದೆಯು ಬಂದಿತು. ವೈದ್ಯನ ಪ್ರಬಂಧದಿಂದ ಕೂಲಿಗಾರನ ರಜೆಯವರೆಗೆ 188 ವರ್ಷಗಳು ಹಿಡಿದುವು. ಮೂರನೆಯ ಸಾಧನವಾದ ಬಯಲಿಗಾಗಿ ಮಾತ್ರ ಅವರು ಅಷ್ಟು ಹೆಣಗಬೇಕಾಗಲಿಲ್ಲ. ಕಡಲು ಯಾವಾಗಲೂ ಇದ್ದಲ್ಲಿಯೇ ಇತ್ತು. ಈ ಮಾತನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇವೆ. ಮುಂದೆ ಇದರ ಪ್ರಯೋಜನವುಂಟು.

ಇನ್ನು ಬೆಂಗಳೂರಿಗೆ ಬರೋಣ. ಶ್ರೀರಂಗಪಟ್ಟಣದಲ್ಲಿದ್ದ ಇಂಗ್ಲಿಷ್ ಪಡೆಯು ಅಲ್ಲಿನ ಜ್ವರಕ್ಕೆ ಬೇಸತ್ತು, ಹವೆ ಒಳ್ಳೆಯದೆಂದು 1809ರಲ್ಲಿ ಹಲಸೂರಿನ ಬಳಿಯ ಎತ್ತರದ ನೆಲದಲ್ಲಿ ಬೀಡುಬಿಟ್ಟಿತು. ಅಲ್ಲಿ ಕಡಲ ನೀರಿನಂತೆ ಇಲ್ಲಿ ಗಾಳಿಯು ಮದ್ದಾಯಿತು. ಸಮುದ್ರಮಟ್ಟಕ್ಕೆ ಸುಮಾರು 3,000 ಅಡಿ ಮೇಲಿರುವ ಈ ಊರಿಗೆ ತಂಪೇನೋ ಇತ್ತು, ಕಡಲಿರಲಿಲ್ಲ. ಮಂಗಳೂರಾಗಲಿ ಮದರಾಸಾಗಲಿ ಸುಮಾರು 350 ಕಿಲೋಮೀಟರುಗಳ ಆಚೆ. ಇಂಗ್ಲೆಂಡಿನ ಕರಾವಳಿಯ ಬಾಲ್ಯವನ್ನು ಕಂಡು ಬಂದವರಿಗೆ ಇದೊಂದು ಕೊರತೆಯಾಗಿ ತೋರಿರಲೇಬೇಕು. ಬ್ರೈಟನ್ನಿಗೆ ಅಂಟಿಕೊಂಡಿರುವ ಹೋವ್ ಎಂಬಲ್ಲಿ ಶಾಲೆಯಲ್ಲಿ ಓದಿದ್ದ ವಿನ್‌ಸ್ಟನ್ ಚರ್ಚಿಲ್ 1896ರಲ್ಲಿ ಸೈನಿಕನಾಗಿ ಬೆಂಗಳೂರಿಗೆ ಬಂದಾಗ, ಇಲ್ಲಿನ ಬಂಗಲೆಯ ತೋಟದ ಗುಲಾಬಿಗಳೂ ಚಿಟ್ಟೆಗಳೂ ಅವನ ಬಿಡುವಿನ ಹೊತ್ತನ್ನು ತುಂಬಿದುವು.

ಕಡಲಿನ ಬದಲಿಗೆ ದಂಡಿನವರಿಗೆ ಒದಗಿದ್ದು ಕೆರೆ. ಹಲಸೂರ ಕೆರೆಯು ದಂಡಿಗಿಂತ ಹಳೆಯದು. ಕೆಂಪೇಗೌಡರ ವಂಶದವರ ಕಾಲದಲ್ಲಿ ಬೇಸಾಯಕ್ಕೂ ಕುಡಿಯುವುದಕ್ಕೂ ನೀರು ಬೇಕೆಂದು ಕಟ್ಟಿಸಿದ ಕೆರೆಗಳ ಸಾಲಿನಲ್ಲಿ ಅದೂ ಒಂದು. ಊರಿನ ಎಲ್ಲೆಯನ್ನು ಸೂಚಿಸುವ ನಾಲ್ಕು ಗೋಪುರಗಳಲ್ಲಿ ಒಂದು ಆ ಕೆರೆಯ ಬಳಿ, ಮದರಾಸ್ ಸ್ಯಾಪರ್ಸ್ ಪಡೆಯ ನೆಲೆಯೊಳಗೆ, ಇಂದಿಗೂ ನಿಂತಿದೆ. ಆ ಪಡೆಯು 1834ರಲ್ಲಿ ಬೆಂಗಳೂರಿಗೆ ಬಂದುದು. ಕೆರೆಯ ಏರಿಯು ಕಡಲದಂಡೆಯ ನಡೆದಾರಿಯಂತೆ ಸಂಜೆಯ ಸವಾರಿಗೆ ದಾರಿಯಾಯಿತು, ನೀರಿನ ನಡುವಣ ದಿಬ್ಬಗಳು ಕಣ್ಣಿಗೆ ದ್ವೀಪಗಳಾದುವು. ಅದೇ ನೀರಿನ ಇನ್ನೊಂದು ದಡದಲ್ಲಿ ಹಲಸೂರಿನ ಅಗಸರು ಬಟ್ಟೆ ಒಗೆದರು, ರೈತರು ಎತ್ತುಗಳ ಮೈ ತೊಳೆದರು. ಒಂದೇ ಕೆರೆ ಒಬ್ಬರಿಗೆ ನೋಟ, ಇನ್ನೊಬ್ಬರಿಗೆ ಜೀವನೋಪಾಯ. ಕೆರೆಯೆಂದರೆ ಒಂದು ಜಾತಿಯ ಅಥವಾ ಒಂದು ಬಣ್ಣದ ಜನರ ವಿಲಾಸವೆಂದು ಎಣಿಸುವುದು ತಪ್ಪು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಎರಡನೆಯ ಆಶ್ರಯ ಉದ್ಯಾನ. ಲಾಲ್‌ಬಾಗು ಹೈದರಾಲಿಯು 1760ರಲ್ಲಿ ಪ್ರಾರಂಭಿಸಿದ ತೋಟ. ಅದರ ಗಾಜಿನ ಮನೆಗೆ 1889ರಲ್ಲಿ ಅಸ್ತಿಭಾರ ಹಾಕಲಾಯಿತು. ದಂಡಿಗೂ ಪೇಟೆಗೂ ನಡುವೆ 1870ರಲ್ಲಿ ಹೊಸದೊಂದು ಉದ್ಯಾನವಾಯಿತು. ಆಗ ಕಮಿಷನರಾಗಿದ್ದ ಮೀಡ್ ಅವರ ಹೆಸರಿನಲ್ಲಿ ಹುಟ್ಟಿ, 1834ರಿಂದ 1861ರ ತನಕ ಮೈಸೂರನ್ನು ಆಳಿದ ಮಾರ್ಕ್ ಕಬ್ಬನ್ನರ ಹೆಸರಿನಿಂದ ಪ್ರಸಿದ್ಧವಾದದ್ದು ಇದೇ. ಸಾಮಾನ್ಯವಾಗಿ ಒಂದು ಗೋಡೆಯು ನಿಲ್ಲುವ ಕಡೆಯಲ್ಲಿ ಇಲ್ಲಿ ಒಂದು ತೋಟ ನಿಂತಿತು. 1881ರಲ್ಲಿ ಮೈಸೂರು ಸಂಸ್ಥಾನವು ಅರಸರಿಗೆ ಮರಳಿದಾಗಲೂ ದಂಡು ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿಯೇ ಉಳಿದು, 1947ರ ಜುಲೈಯಲ್ಲಿ ಮಾತ್ರ ಸಂಸ್ಥಾನಕ್ಕೆ ಸೇರಿತು. ಆ ನಡುವಣ ಕಾಲದಲ್ಲಿ ಪೇಟೆಯ ಕನ್ನಡಿಗರೂ ದಂಡಿನ ತಮಿಳರೂ ದಖನಿಯವರೂ ಆಂಗ್ಲೋ ಇಂಡಿಯನ್ನರೂ ಒಂದೇ ಹುಲ್ಲಿನ ಮೇಲೆ ಕುಳಿತು ಬ್ಯಾಂಡಿನ ವಾದ್ಯವನ್ನು ಕೇಳಬಹುದಾದ ಜಾಗ ಇದಾಗಿತ್ತು. ವಾದ್ಯದವರ ಮಂಟಪವು ಈಗಲೂ ಇದೆ. ಮಕ್ಕಳಿಗೆ ಬಾಲಭವನದ ಪುಟಾಣಿ ರೈಲೂ ಬಂದಿದೆ.

ಇನ್ನು ಬಂಡಿಯ ಮಾತು. 1864ರ ಆಗಸ್ಟ್ 1ರಂದು ಜೋಲಾರಪೇಟೆಯಿಂದ ಬೆಂಗಳೂರು ದಂಡಿನ ನಿಲ್ದಾಣಕ್ಕೆ ರೈಲು ಬಂದಿತು. ಪಡೆಗಳನ್ನೂ ಸರಕನ್ನೂ ಸಾಗಿಸುವುದು ಅದರ ಮುಖ್ಯೋದ್ದೇಶವಾಗಿದ್ದರೂ, ಒಮ್ಮೆ ಹಾಕಿದ ಕಂಬಿಯು ಯಾರನ್ನೂ ಯಾಕೆ ಹೋಗುತ್ತೀರೆಂದು ಕೇಳುವುದಿಲ್ಲ. ಇದರಿಂದ ಎರಡು ಫಲಗಳಾದುವು. ಮದರಾಸಿನ ಕಡಲು ಒಂದು ರಾತ್ರಿಯ ಪ್ರಯಾಣದಷ್ಟು ಹತ್ತಿರವಾಯಿತು. ಆ ನಗರದ ಮರೀನಾ ನಡೆದಾರಿಯು 1880ರ ದಶಕದಲ್ಲಿ ಸಿದ್ಧವಾದ ಮೇಲೆ ಬೇಸಗೆಯ ರಜೆಗೆ ಅಲ್ಲಿಗೆ ಹೋಗಿಬರುವುದು ಅನುಕೂಲವುಳ್ಳವರಿಗೆ ಸಾಧ್ಯವಾಯಿತು. ಮೂಡಣ ದಿಕ್ಕಿನ ಹಳ್ಳಿಗಳು ಒಂದು ಹಗಲಿನ ವಿಹಾರದೊಳಗೆ ಬಂದದ್ದು ಇನ್ನೊಂದು ಫಲ. ಅವುಗಳಲ್ಲಿ ವೈಟ್‌ಫೀಲ್ಡ್ ಹೆಸರಾದುದು. 1882ರಲ್ಲಿ ಚಾಮರಾಜೇಂದ್ರ ಒಡೆಯರು ಮೈಸೂರು ಮತ್ತು ಕೊಡಗಿನ ಯುರೇಷಿಯನ್ ಹಾಗೂ ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ನೆಲವನ್ನು ಬೇಸಾಯದ ವಸತಿಗೆಂದು ದಯಪಾಲಿಸಿದರು. ಸಂಘದ ಮುಖಂಡ ವೈಟ್ ಎಂಬವರ ಹೆಸರೇ ಊರಿಗೆ ನಿಂತಿತು. ವೃತ್ತಾಕಾರವಾಗಿ ಮನೆಗಳನ್ನು ಕಟ್ಟಿ, ನಡುವೆ ಬಯಲನ್ನು ಬಿಟ್ಟಿದ್ದ ಆ ಹಳ್ಳಿಯ ವೇವರ್ಲಿ ಎಂಬ ಅತಿಥಿಗೃಹವು ದಂಡಿನಿಂದ ಬರುವವರಿಗೆ ತಂಗುದಾಣವಾಗಿತ್ತು.

ಬಡಗಲ ದಿಕ್ಕಿಗೆ ಹೋಗುವವರಿಗೆ ನಂದಿಬೆಟ್ಟವಿತ್ತು. ಬೆಂಗಳೂರಿಗೆ ಸುಮಾರು 60 ಕಿಲೋಮೀಟರು ದೂರದಲ್ಲಿ 4,851 ಅಡಿ ಎತ್ತರವಿರುವ ಈ ಗಿರಿಯಲ್ಲಿ ಟಿಪ್ಪುವಿನ ಬೇಸಗೆಯ ಮನೆಯೂ ಕಬ್ಬನ್ನರ ಬಂಗಲೆಯೂ ಉಂಟು. 20ನೆಯ ಶತಮಾನದ ಎರಡನೆಯ ದಶಕದಲ್ಲಿ ಚಿಕ್ಕಬಳ್ಳಾಪುರದ ಸಣ್ಣ ರೈಲು ಬಂದ ಮೇಲೆ ಬೆಟ್ಟದ ತಪ್ಪಲು ಸಾಮಾನ್ಯರಿಗೂ ನಿಲುಕಿತು. 1927ರ ಬೇಸಗೆಯಲ್ಲಿ ಮಹಾತ್ಮಾ ಗಾಂಧಿಯವರು ದೇಹಾಲಸ್ಯದಿಂದ ಚೇತರಿಸಿಕೊಳ್ಳಲು ಇಲ್ಲಿ ತಂಗಿದ್ದರು. ತಪ್ಪಲಿನಲ್ಲಿ ಭೋಗನಂದೀಶ್ವರ, ನೆತ್ತಿಯಲ್ಲಿ ಯೋಗನಂದೀಶ್ವರ. ಕೆಳಗೆ ಭೋಗ, ಮೇಲೆ ಯೋಗ, ನಡುವೆ ಬುತ್ತಿಯ ಗಂಟು ಬಿಚ್ಚಲು ಮರದ ನೆರಳು. ಬೆಟ್ಟಕ್ಕೆ ಹೋಗಿಬಂದ ಸಂಸಾರವು ತೀರ್ಥಯಾತ್ರೆಗೆ ಹೋಗಿತ್ತೋ ವಿಹಾರಕ್ಕೆ ಹೋಗಿತ್ತೋ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ.

ಈ ವರೆಗೆ ಹೇಳಿದ ಸುಖಗಳೆಲ್ಲ ಯಾರ ಪಾಲಿಗೆ ಬಂದುವು ಎಂದು ಕೇಳಿದರೆ, ಬಹುಕಾಲ ಕೆಲವರ ಪಾಲಿಗೆ ಮಾತ್ರ ಎಂದೇ ಹೇಳಬೇಕು. ಕೆರೆಯಿತ್ತು, ತೋಟವಿತ್ತು, ರೈಲಿತ್ತು, ಕೂಲಿಗಾರನಿಗೆ ಬಿಡುವಿರಲಿಲ್ಲ. ಬ್ರಿಟಿಷ್ ಇಂಡಿಯಾದ ಕಾರ್ಖಾನೆಗಳಲ್ಲಿ ವಾರಕ್ಕೊಂದು ರಜೆಯು 1891ರ ಕಾಯಿದೆಯಿಂದ ಬಂದಿತು. ಸಂಬಳಸಹಿತವಾದ ವಾರ್ಷಿಕ ರಜೆಯು 1945ರ ತಿದ್ದುಪಡಿಯಿಂದ ಪ್ರಾರಂಭವಾಗಿ, 1948ರ ಕಾರ್ಖಾನೆಗಳ ಕಾಯಿದೆಯಲ್ಲಿ ನೆಲೆಗೊಂಡಿತು. ವಯಸ್ಕನು ಕೆಲಸಮಾಡಿದ ಪ್ರತಿ 20 ದಿನಗಳಿಗೆ ಒಂದು ದಿನದ ಸಂಬಳದ ರಜೆಯೆಂಬುದು ಅದರ ಲೆಕ್ಕ. ಅಂಗಡಿಮುಂಗಟ್ಟುಗಳ ನೌಕರರಿಗೆ ವಾರದಲ್ಲಿ ಪೂರ್ತಿ ಒಂದು ದಿನದ ಬಿಡುವನ್ನು ನಮ್ಮ ರಾಜ್ಯದ 1961ರ ಕಾಯಿದೆಯು ವಿಧಿಸಿತು.

ಈ ಕಾಯಿದೆಗಳು ಬೆಂಗಳೂರಿನ ಮೂಡಣ ಭಾಗದ ಮುಖವನ್ನೇ ಬದಲಿಸಿದುವು. 1940ರ ಡಿಸೆಂಬರಿನಲ್ಲಿ ವಿಮಾನದ ಕಾರ್ಖಾನೆಯು ಹುಟ್ಟಿತು. 1948ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿಯ ಕಾರ್ಖಾನೆಯು ಸ್ಥಾಪಿತವಾಗಿ ಅದರ ಸುತ್ತ ದೂರವಾಣಿನಗರವು ಬೆಳೆಯಿತು. ಕಾರ್ಖಾನೆಯ ಶಂಖ ಊದಿದಾಗ ಹೊರಟು, ಊದಿದಾಗ ಮರಳುವ ಜನರಿಗೆ ಭಾನುವಾರವೆಂಬುದು ಮೊದಲಬಾರಿ ತಮ್ಮದಾಯಿತು. ಚಿತ್ರಾನ್ನ, ಮೊಸರನ್ನ, ನೀರಿನ ಹೂಜಿ, ಒಂದು ಜಮಖಾನೆ, ಇಷ್ಟನ್ನು ಹೊತ್ತು ಬಸ್ಸನ್ನೇರಿ ಕಬ್ಬನ್ ಪಾರ್ಕಿಗೋ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೋ ಹೋಗುವುದು ಅಂಥ ಸಂಸಾರಗಳಿಗೆ ಎಷ್ಟು ಹಿಗ್ಗು ತರುತ್ತಿತ್ತೆಂಬುದನ್ನು ಆ ಬಡಾವಣೆಗಳ ಹಿರಿಯರನ್ನು ಕೇಳಿದರೆ ತಿಳಿಯುತ್ತದೆ. ಬ್ರೈಟನ್ನಿಗೆ ಹೊರಟ ಲಂಡನ್ನಿನ ಕೂಲಿಗಾರನಿಗೂ ಇವರಿಗೂ ಅಂತರ ಬಹಳವಿಲ್ಲ. ಅವನ ಬುತ್ತಿಯಲ್ಲಿ ರೊಟ್ಟಿಯ ತುಂಡು, ಇವರ ಬುತ್ತಿಯಲ್ಲಿ ಅನ್ನ.

ಬಂಡಿಯ ವಿಷಯದಲ್ಲಿಯೂ ಇತ್ತೀಚೆಗೆ ಒಳಿತಾಗಿದೆ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಗೆ ಮೆಟ್ರೋ ರೈಲು ಓಡತೊಡಗಿ, ಇಂದಿರಾನಗರ ಮತ್ತು ಹಲಸೂರುಗಳಿಗೆ ನಿಲ್ದಾಣಗಳಾದುವು. 2016ರಲ್ಲಿ ಅದು ಕಬ್ಬನ್ ಪಾರ್ಕಿನ ಬಾಗಿಲಿಗೆ ಬಂದಿತು. 2023ರಲ್ಲಿ ವೈಟ್‌ಫೀಲ್ಡಿನಿಂದ ಕೃಷ್ಣರಾಜಪುರದ ಮೇಲೆ ಹಾದು ಅಖಂಡವಾಯಿತು. 1864ರ ರೈಲು ಹಿಡಿದ ದಿಕ್ಕನ್ನೇ ಹೊಸ ಬಂಡಿಯೂ ಬಹುಮಟ್ಟಿಗೆ ಹಿಡಿದಿದೆ.

ಹೀಗೆ ಬಿಡುವು ಬಂದಿತು, ಬಂಡಿಯೂ ಬಂದಿತು. ಅವೆರಡೂ ಬರುವ ಹೊತ್ತಿಗೆ ಮೂರನೆಯದು ಕೈಬಿಟ್ಟು ಹೋಗುತ್ತಿದೆಯೆಂಬುದೇ ನಾವು ಹೇಳಬೇಕಾದ ಮುಖ್ಯ ವಿಷಯ. ಇಂಗ್ಲೆಂಡಿನವರ ಕಡಲನ್ನು ಯಾರೂ ಮಣ್ಣು ತುಂಬಿ ನಿವೇಶನಗಳನ್ನಾಗಿ ಹಂಚಲಾರರು. ನಮ್ಮ ಕೆರೆಯನ್ನು ಹಂಚಬಹುದು. ಕೆರೆಯು ಮನುಷ್ಯನು ಕಟ್ಟಿದ್ದು. ಆದಕಾರಣ ಮನುಷ್ಯನು ಕೆಡಿಸಬಲ್ಲನು. ದಂಡಿಗೆ ನೀರು ಕೊಡುತ್ತಿದ್ದ ಸಂಪಂಗಿ ಕೆರೆಯ ನೆಲದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಶೂಲೆ ಕೆರೆಯಿದ್ದಲ್ಲಿ ಕಾಲ್ಚೆಂಡಿನ ಮೈದಾನವಿದೆ. ಚಲ್ಲಘಟ್ಟದ ಕೆರೆಯು ಗಾಲ್ಫ್ ಆಟದ ಬಯಲಾಗಿದೆ. ಇವುಗಳಲ್ಲಿ ಕೆಲವು ಆಟಕ್ಕೇ ಉಪಯೋಗವಾದುವಲ್ಲವೆ ಎಂದು ಕೇಳಬಹುದು. ನಿಜ, ಆದರೆ ಕೆರೆಯ ದಡದಲ್ಲಿ ಕುಳಿತುಕೊಳ್ಳಲು ಚೀಟಿಯೂ ಬೇಡ, ಸದಸ್ಯತ್ವವೂ ಬೇಡ. ಕ್ರೀಡಾಂಗಣಕ್ಕೆ ಬಾಗಿಲುಂಟು, ಗಾಲ್ಫಿನ ಬಯಲಿಗೆ ಬೇಲಿಯುಂಟು.

ಉಳಿದ ಕೆರೆಗಳಿಗೆ ಬೇರೊಂದು ಕಷ್ಟ. ಮಳೆನೀರನ್ನು ತರುತ್ತಿದ್ದ ರಾಜಕಾಲುವೆಗಳು ಊರಿನ ಕೊಳಚೆಯನ್ನು ತರತೊಡಗಿದರೆ, ಆ ಕೊಳಚೆಯನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಪ್ರಾಣವಾಯುವನ್ನು ಹೀರಿಕೊಳ್ಳುತ್ತವೆ. ಬೇಸಗೆಯಲ್ಲಿ ನೀರು ಬಿಸಿಯಾದಂತೆ ಅದರಲ್ಲಿ ಕರಗುವ ಪ್ರಾಣವಾಯು ಇನ್ನೂ ಕಡಮೆ. ಆಗ ಮೀನು ಉಸಿರುಕಟ್ಟಿ ಸಾಯುತ್ತದೆ. 2016ರ ಮಾರ್ಚಿಯಲ್ಲಿ ಹಲಸೂರ ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುವು. ಬೆಳ್ಳಂದೂರಿನ ಕೆರೆಯು 2015ರಿಂದೀಚೆಗೆ ನೊರೆಯುಕ್ಕಿಸಿ, ಬೆಂಕಿಯನ್ನೂ ಹೊತ್ತು, ದೇಶವಿದೇಶಗಳಲ್ಲಿ ಹೆಸರು ಕೆಡಿಸಿಕೊಂಡಿತು. ನೀರಿನ ಮೇಲೆ ಬೆಂಕಿ ಕಂಡ ಮಗುವನ್ನು ಮರುವಾರ ಅದೇ ದಡಕ್ಕೆ ಗಾಳಿಸೇವನೆಗೆ ಕರೆದೊಯ್ಯುವ ತಾಯಿಯುಂಟೆ?

ಬಯಲು ಹೋದ ಮೇಲೆ ಬಿಡುವಿರುವ ಸಂಸಾರವು ಎಲ್ಲಿಗೆ ಹೋಗಬೇಕು? ಹಣ ಕೊಟ್ಟವರಿಗೆ ಒಳಗೆ ಬಿಡುವ ಮಳಿಗೆಗಳಿವೆ, ಆಟದ ತೋಟಗಳಿವೆ. ನಾಲ್ವರಿರುವ ಮನೆಯ ಯಜಮಾನನು ಬಾಗಿಲಲ್ಲಿಯೇ ನಾಲ್ಕು ಚೀಟಿಗಳ ಲೆಕ್ಕ ಹಾಕಿ ಹಿಂದಿರುಗಬೇಕಾಗುತ್ತದೆ. ರಸೆಲ್ ಮಾರುಕಟ್ಟೆಯ ಬದಿಯಲ್ಲಿ ಹೂವು ಮಾರುವಾಕೆಗೂ, ಇಂದಿರಾನಗರದ ಮನೆಗಳಲ್ಲಿ ಪಾತ್ರೆ ತೊಳೆಯುವಾಕೆಗೂ ಕಾಯಿದೆಯ ರಜೆ ಇಂದಿಗೂ ಸರಿಯಾಗಿ ಮುಟ್ಟಿಲ್ಲ. ದಿನದ ಕೆಲಸ ಮುಗಿಸಿ ಒಂದು ಗಂಟೆ ಬಿಡುವಾದಾಗ ಮಕ್ಕಳೊಡನೆ ಹೋಗಿ ಕುಳಿತುಕೊಳ್ಳುವ ಕೆರೆಯ ದಡವೇ ಅವರ ಪಾಲಿನ ಬ್ರೈಟನ್. ಅದು ಹೋದರೆ ಅವರಿಗೆ ಬೇರೆ ದಾರಿಯಿಲ್ಲ.

ಇದಕ್ಕೆ ಪರಿಹಾರವಿಲ್ಲದೆ ಇಲ್ಲ. ಕಡಲು ತಾನಾಗಿಯೇ ಉಳಿಯುವ ದೇಶದಲ್ಲಿಯೂ, ದಡದುದ್ದಕ್ಕೂ ಎಲ್ಲರೂ ನಡೆಯುವ ದಾರಿಯಿರಬೇಕೆಂದು 2009ರಲ್ಲಿ ಕಾಯಿದೆ ಮಾಡಿದರು. ನಮ್ಮಲ್ಲಿ 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯಿದೆಯು ಕಬ್ಬನ್ ಪಾರ್ಕಿಗೂ ಲಾಲ್‌ಬಾಗಿಗೂ ಕಾವಲಾಗಿ ನಿಂತಿದೆ. ಆ ಕಾವಲಿಗೆ ಜನರ ಎಚ್ಚರವು ಬಲಕೊಟ್ಟಾಗಲೆಲ್ಲ ತೋಟಗಳು ಉಳಿದಿವೆ. ಕೆರೆಗಳಿಗಾಗಿ 2014ರಲ್ಲಿ ಪ್ರತ್ಯೇಕವಾದ ಕಾಯಿದೆಯು ಬಂದಿದೆ. ಕಾಯಿದೆಯು ಏರಿಯಿದ್ದಂತೆ; ಒಳಹರಿವು ಶುದ್ಧವಿಲ್ಲದಿದ್ದರೆ ಏರಿ ಮಾತ್ರದಿಂದ ಕೆರೆಯಾಗದು. ಕೊಳಚೆಯನ್ನು ಕಾಲುವೆಯಿಂದ ಬೇರ್ಪಡಿಸುವುದು, ದಡವನ್ನು ಎಲ್ಲರಿಗೂ ತೆರೆದಿಡುವುದು, ಹಲಸೂರಿನವರಿಗೂ ಇಂದಿರಾನಗರದವರಿಗೂ ಸಮಾನವಾಗಿ ಬಾಗಿಲು ತೆರೆಯುವುದು, ಈ ಮೂರು ನಡೆದರೆ ಸಾಕು.

ವಿಹಾರವು ಮೊದಲು ಮದ್ದಾಗಿ ಹುಟ್ಟಿತೆಂದು ಹೇಳಿದೆವು. ಅದು ಮದ್ದೆಂಬುದನ್ನು ಬ್ರೈಟನ್ ಇನ್ನೊಮ್ಮೆ ತೋರಿಸಿತು. ಯುವರಾಜನು ಕಟ್ಟಿಸಿದ, ಇಂಡಿಯಾದ ಗುಮ್ಮಟಗಳ ಮಾದರಿಯ ಅರಮನೆಯು ಅಲ್ಲಿದೆ. 1914ರ ಡಿಸೆಂಬರಿನಿಂದ 1916ರ ಮೊದಲ ಭಾಗದ ತನಕ ಅದು ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ಇಂಡಿಯಾದ ಸಿಪಾಯಿಗಳಿಗೆ ಆಸ್ಪತ್ರೆಯಾಯಿತು. ಬೇರೆಬೇರೆ ಮತದವರಿಗೆ ಬೇರೆಬೇರೆ ಅಡಿಗೆಮನೆಗಳನ್ನು ಏರ್ಪಡಿಸಲಾಗಿತ್ತು. ಮಡಿದ ಹಿಂದೂ ಮತ್ತು ಸಿಖ್ ಯೋಧರನ್ನು ಊರ ಹೊರಗಿನ ದಿಣ್ಣೆಯ ಮೇಲೆ ದಹನಮಾಡಿದರು. ಆ ಸ್ಥಳದಲ್ಲಿ 1921ರಲ್ಲಿ ಅಮೃತಶಿಲೆಯ ಛತ್ರಿಯೊಂದನ್ನು ನಿಲ್ಲಿಸಿದರು. ಗುಣವಾದವರು ಕಡಲಗಾಳಿಯಲ್ಲಿ ಕುಳಿತು ಊರಿನ ಕಡೆಗೆ ಕಾಗದ ಬರೆದರು. ದುಡಿಮೆಯಿಂದಲೋ ಯುದ್ಧದಿಂದಲೋ ಬಳಲಿದ ದೇಹಕ್ಕೆ ತೆರೆದ ಬಯಲೂ ತೆರೆದ ನೀರೂ ಬೇಕೆಂಬುದರಲ್ಲಿ ಕರಿಯರು ಬಿಳಿಯರು, ಅರಸರು ಆಳುಗಳು ಎಂಬ ಭೇದವಿಲ್ಲ.

ನಮ್ಮ ಊರಿಗೆ ಕಡಲನ್ನು ತರುವುದು ಯಾರಿಂದಲೂ ಆಗದು. ಇರುವ ಕೆರೆಯನ್ನು ಕಾಯುವುದು ನಮ್ಮಿಂದ ಆಗುತ್ತದೆ. ಹಿರಿಯರು ಏರಿ ಕಟ್ಟಿ ಕೊಟ್ಟರು, ನಡುವಣವರು ಕಾಯಿದೆ ಮಾಡಿ ಬಿಡುವು ಕೊಟ್ಟರು, ಬಂಡಿಯೂ ಬಂದಿದೆ. ಭಾನುವಾರದ ಬುತ್ತಿ ಬಿಚ್ಚಲು ನಾಲ್ಕು ಮೊಳ ಹಸುರು ನೆಲವನ್ನೂ, ಅದರ ಮುಂದೆ ಒಂದಿಷ್ಟು ತಿಳಿನೀರನ್ನೂ ಮುಂದಿನವರಿಗೆ ಉಳಿಸಿಕೊಡುವುದು ನಮ್ಮ ಪಾಲಿನ ಕೆಲಸ.